ಗೇರ್‌ಬಾಕ್ಸಿನ ಎಣ್ಣೆಗೂ ಒಂದು ಇಸವಿ

ಫೋರ್ಡ್ ಕಂಪನಿಯ ಮಾಡೆಲ್ ಎ ಕಾರು 1928ರಿಂದ 1931ರವರೆಗಿನ ಮಾದರಿ. ಅಷ್ಟರಲ್ಲೇ ಸುಮಾರು 48 ಲಕ್ಷ ಕಾರುಗಳು ತಯಾರಾದವು. ಅದರ ಗೇರ್‌ಬಾಕ್ಸಿಗೆ ಹಿಡಿಸುವ ಎಣ್ಣೆ ಒಂದೇ ಪಿಂಟ್, ಅಂದರೆ ಅರ್ಧ ಲೀಟರಿಗೂ ತುಸು ಕಡಿಮೆ. ಯಾವ ಎಣ್ಣೆ ಹಾಕಬೇಕೆಂದು ಆ ಕಾಲದವರನ್ನು ಕೇಳಿದರೆ ಸಿಗುತ್ತಿದ್ದ ಉತ್ತರ 600-ಡಬ್ಲ್ಯು. ಅದು ಕಾರಿಗೆಂದು ಹುಟ್ಟಿದ ಎಣ್ಣೆಯೇ ಅಲ್ಲ. ಗಿರಣಿಗಳಲ್ಲಿ, ಕಾರ್ಖಾನೆಗಳಲ್ಲಿ ಓಡುತ್ತಿದ್ದ ಉಗಿಯಂತ್ರದ ಸಿಲಿಂಡರಿಗೆ ಹಾಕುತ್ತಿದ್ದ ಎಣ್ಣೆ. ಕಾಕಂಬಿಯಂತೆ ಮಂದ, ಹಸಿರು ಮಿಶ್ರಿತ ಕಪ್ಪು, ಚಳಿಗೆ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುವಂಥದ್ದು.

ಇಂಥ ಕಾರಿಗೆ ಇವತ್ತು ಗೇರ್ ಆಯಿಲ್ ಬದಲಿಸೋಣವೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿಗೆ ಹೋದರೆ ಡಬ್ಬಗಳಿಗೇನೂ ಬರವಿಲ್ಲ. ದುಬಾರಿಯಾದದ್ದು, ಹೊಸ ದರ್ಜೆಯದ್ದು ಕೈಗೆ ಬರುತ್ತದೆ. ಹಳೆಯ ಕಾರನ್ನು ಮಗುವಿನಂತೆ ಸಾಕುವವರಿಗೆ ಒಳ್ಳೆಯದನ್ನೇ ಹಾಕಬೇಕೆಂಬ ಆಸೆ ಸಹಜ. ಆದರೆ ಗೇರ್‌ಬಾಕ್ಸಿನ ವಿಷಯದಲ್ಲಿ ಹೊಸದೆಲ್ಲ ಹಳೆಯದಕ್ಕೆ ಒಳ್ಳೆಯದಲ್ಲ. ಕಾರು ಹುಟ್ಟಿದ ವರ್ಷಕ್ಕೆ ನಿಂತುಬಿಟ್ಟಿದೆ. ಎಣ್ಣೆ ಮಾತ್ರ ಪ್ರತಿ ದಶಕಕ್ಕೂ ತನ್ನ ರಸಾಯನವನ್ನು ಬದಲಿಸಿಕೊಳ್ಳುತ್ತ ಮುಂದೆ ಬಂದಿದೆ. ಹಾಗೆ ಬದಲಾದದ್ದು ಏಕೆ, ಯಾವ ಹಲ್ಲಿಗಾಗಿ ಎಂಬುದು ತಿಳಿಯದೆ ಡ್ರೈನ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕುವುದು ಅಪಾಯದ ಕೆಲಸ.

ಗೇರುಗಳ ಕಥೆ ಶುರುವಾಗುವುದು ಎಣ್ಣೆಯಿಂದಲ್ಲ, ಕೊಬ್ಬಿನಿಂದ. ಫ್ರಾನ್ಸಿನ ಎಮಿಲ್ ಲೆವಾಸೋರ್ 1891ರ ಹೊತ್ತಿಗೆ ರೂಪಿಸಿದ ಕಾರಿನಲ್ಲಿ ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಒಂದರ ಪಕ್ಕ ಒಂದು ಜಾರಿ ಕಚ್ಚಿಕೊಳ್ಳುವ ಗೇರುಗಳು. ಮುಂದಿನ ಅರ್ಧ ಶತಮಾನದ ಕಾರುಗಳಲ್ಲಿ ಹೆಚ್ಚಿನವು ಅದೇ ಜಾಡು ಹಿಡಿದವು. ಆದರೆ ಆ ಮೊದಲ ಕಾರುಗಳಲ್ಲಿ ಗೇರುಗಳಿಗೆ ಪೆಟ್ಟಿಗೆಯೇ ಇರಲಿಲ್ಲ. ರಸ್ತೆಯ ಧೂಳು, ಕೆಸರು ನೇರವಾಗಿ ಹಲ್ಲುಗಳ ಮೇಲೆ. ಮೇಲಿಂದ ಮೇಲೆ ಗ್ರೀಸು ಬಳಿಯುವುದೇ ಅಂದಿನ ಸರ್ವಿಸು. 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳುವ ರೇಸಿನಲ್ಲಿ ಲೆವಾಸೋರ್ ಸುಮಾರು 1,180 ಕಿಲೋಮೀಟರನ್ನು 48 ಗಂಟೆ 48 ನಿಮಿಷಗಳಲ್ಲಿ, ಹೆಚ್ಚುಕಡಿಮೆ ನಿದ್ದೆಯಿಲ್ಲದೆ ಓಡಿಸಿ ಮುಗಿಸಿದ. ತನ್ನ ಗೇರಿನ ಏರ್ಪಾಡು ಒರಟೇ ಹೌದು, ಆದರೆ ಕೆಲಸ ಮಾಡುತ್ತದೆ ಎಂಬರ್ಥದ ಅವನ ಮಾತು ವಾಹನ ಚರಿತ್ರೆಯಲ್ಲಿ ಉಳಿದುಕೊಂಡಿದೆ. ಪೆಟ್ಟಿಗೆ ಬಂದ ಮೇಲೆ ಅದರೊಳಗೆ ಏನು ತುಂಬಬೇಕೆಂಬ ಪ್ರಶ್ನೆ ಎದ್ದಿತು. ದನದ ಕೊಬ್ಬು, ಗ್ರಾಫೈಟ್, ಹರಳೆಣ್ಣೆ, ಮಂದವಾದ ಖನಿಜ ತೈಲ, ಹೀಗೆ ಕೈಗೆ ಸಿಕ್ಕದ್ದನ್ನೆಲ್ಲ ಜನ ತುಂಬಿ ನೋಡಿದರು. ಸವೆದ ಗೇರಿನ ಕೂಗು ಅಡಗಿಸಲು ಮರದ ಹೊಟ್ಟು ಬೆರೆಸಿ ಕಾರು ಮಾರುವ ಮೋಸವೂ ಇದರ ಹಿಂದೆಯೇ ಬಂತು. ಈಗಲೂ ಬಹಳ ದಿನ ಮೂಲೆ ಸೇರಿದ್ದ ಕಾರಿನ ಗೇರ್‌ಬಾಕ್ಸಿನ ಮುಚ್ಚಳ ತೆಗೆಯುವಾಗ ಅನುಭವಸ್ಥರು ಮೊದಲು ತಳದ ಗಷ್ಟನ್ನು ಬೆರಳಿಗೆ ತೆಗೆದು ಉಜ್ಜಿ ನೋಡುವುದು ಇದಕ್ಕೇ.

ಹರಳೆಣ್ಣೆಯ ಮಾತು ಬಂದಾಗ ನಮ್ಮ ಕಡೆಯವರಿಗೆ ವಿವರಿಸಬೇಕಾದ್ದೇನೂ ಇಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಹಾಕುತ್ತಿದ್ದರು. ಅದನ್ನು ತುಂಬಿದ ಬಿದಿರಿನ ಗೊಟ್ಟ ಗಾಡಿಯ ಕೆಳಗೆ ನೇತಾಡುತ್ತಿತ್ತು. ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುವ, ಭಾರ ಬಿದ್ದರೂ ಜಾಗ ಬಿಡದ ಗುಣ ಹರಳೆಣ್ಣೆಗಿದೆ. ಲಂಡನ್ನಿನಲ್ಲಿ 1899ರಲ್ಲಿ ಕಂಪನಿ ತೆರೆದ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ 1909ರ ಹೊತ್ತಿಗೆ ಮೋಟಾರು ಎಣ್ಣೆಗೆ ಹರಳೆಣ್ಣೆ ಬೆರೆಸಿ ಮಾರತೊಡಗಿದ. ಕ್ಯಾಸ್ಟ್ರಾಲ್ ಎಂಬ ಹೆಸರು ಅದರಿಂದಲೇ ಬಂತು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯನ್ನು ಸುಡುತ್ತಲೇ ಹಾರುತ್ತಿದ್ದವು. ಅದರ ಹಬೆ ಕುಡಿದ ಪೈಲಟ್‌ಗಳಿಗೆ ಹೊಟ್ಟೆ ಕೆಡುತ್ತಿತ್ತು. ಯುದ್ಧಕಾಲದ ಬೇಡಿಕೆ ಎಷ್ಟಿತ್ತೆಂದರೆ ಅಮೆರಿಕ ಸರ್ಕಾರ ತನ್ನ ದಕ್ಷಿಣದ ರಾಜ್ಯಗಳಲ್ಲಿ ಹರಳು ಬೆಳೆಸಲು ಹೊರಟಿತು, ಬಿತ್ತನೆ ಬೀಜಕ್ಕೆ ಭಾರತದ ಕಡೆ ತಿರುಗಿತು.

ಕಾರಿನ ಗೇರುಗಳಲ್ಲಿ ಹರಳೆಣ್ಣೆ ಬಹುಕಾಲ ಬಾಳಿದ್ದು ವರ್ಮ್ ಡ್ರೈವಿನಲ್ಲಿ. ಉಕ್ಕಿನ ತಿರುಪೊಂದು ಕಂಚಿನ ಚಕ್ರವನ್ನು ಉಜ್ಜುತ್ತ ತಿರುಗಿಸುವ ಏರ್ಪಾಡು ಅದು. 1955ರಲ್ಲಿ ಬಂದ ಪೂಜೋ 403 ಕಾರಿನ ಹಿಂದಿನ ಆಕ್ಸೆಲ್ಲಿಗೂ ಹರಳೆಣ್ಣೆ ಮೂಲದ ಎಣ್ಣೆಯೇ ಬೇಕಿತ್ತು. ಇಲ್ಲಿ ಒಂದು ಎಚ್ಚರಿಕೆ ಇದೆ. ಹರಳೆಣ್ಣೆಯೂ ಖನಿಜ ತೈಲವೂ ಒಂದಕ್ಕೊಂದು ಸುಲಭಕ್ಕೆ ಹೊಂದುವುದಿಲ್ಲ. ಹಳೆಯದರ ಪಸೆ ಉಳಿದಿರುವಾಗಲೇ ಹೊಸದನ್ನು ಸುರಿದರೆ ಮಡ್ಡಿಗಟ್ಟಿ ಕೂರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪೆಟ್ಟಿಗೆಯನ್ನು ಪೂರ್ತಿ ತೊಳೆದು ಒಣಗಿಸಲೇಬೇಕು.

ಫೋರ್ಡಿನ ಮಾಡೆಲ್ ಟಿ ಈ ತಲೆನೋವನ್ನೇ ತಪ್ಪಿಸಿತ್ತು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಆ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಗ್ರಹಗಳಂತೆ ಸುತ್ತುವ ಗೇರುಗಳ ಡೋಲುಗಳನ್ನು ಹತ್ತಿಯ ಪಟ್ಟಿಗಳು ಬಿಗಿಹಿಡಿದು ವೇಗ ಬದಲಿಸುತ್ತಿದ್ದವು. ಪೆಡಲ್ ಮೂರು: ಎಡದ್ದು ನಿಧಾನ ಮತ್ತು ವೇಗಕ್ಕೆ, ನಡುವಿನದು ಹಿಂದಕ್ಕೆ, ಬಲದ್ದು ಬ್ರೇಕು. ಎಣ್ಣೆ ಎಷ್ಟಿದೆಯೆಂದು ನೋಡಲು ಅದ್ದಿ ತೆಗೆಯುವ ಕಡ್ಡಿಯಿಲ್ಲ. ಫ್ಲೈವೀಲ್ ಮನೆಯ ಹಿಂಬದಿಯ ಕೆಳಭಾಗದಲ್ಲಿ ಎರಡು ಪುಟ್ಟ ನಲ್ಲಿಗಳು, ಒಂದು ಮೇಲೆ, ಒಂದು ಕೆಳಗೆ. ಕಾರಿನಡಿ ನುಸುಳಿ, ಇಕ್ಕಳದಿಂದ ಮೇಲಿನ ನಲ್ಲಿ ತಿರುಗಿಸಬೇಕು. ಅಲ್ಲಿಂದ ಎಣ್ಣೆ ಸುರಿದರೆ ಹೆಚ್ಚಾಗಿದೆ ಎಂದರ್ಥ. ಕೆಳಗಿನದನ್ನು ತಿರುಗಿಸಿದಾಗ ಏನೂ ಬರದಿದ್ದರೆ ತಕ್ಷಣ ಹಾಕಬೇಕು. ಮಟ್ಟ ಎರಡರ ನಡುವೆ ನಿಂತಿರಬೇಕು. ನಲ್ಲಿಯ ತೂತಿನಲ್ಲಿ ಹತ್ತಿಪಟ್ಟಿಯ ನೂಲು ಸಿಕ್ಕಿಕೊಂಡು ಎಣ್ಣೆ ಬರದೆ ಇರುವುದೂ ಉಂಟು. ಅದಕ್ಕೆ ಒಂದು ತಂತಿ ಚುಚ್ಚಿ ನೋಡಿಯೇ ತೀರ್ಮಾನಿಸಬೇಕು. ಅರ್ಧ ಪ್ರಪಂಚಕ್ಕೆ ಕಾರು ಓಡಿಸಲು ಕಲಿಸಿದ ವಾಹನದ ಸರ್ವಿಸು ಇಷ್ಟು ಸರಳ, ಇಷ್ಟೇ ಕೊಳಕು.

ಮಾಡೆಲ್ ಎ ಬಂದಾಗ ಗೇರುಗಳು ಎಂಜಿನ್ನಿನಿಂದ ಬೇರೆಯಾಗಿ ತಮ್ಮದೇ ಪೆಟ್ಟಿಗೆ ಸೇರಿದವು. ಜೊತೆಗೆ ಬಂದದ್ದು ಆ ಮಂದ ಎಣ್ಣೆ.

600-ಡಬ್ಲ್ಯು ಹುಟ್ಟಿದ್ದು ವ್ಯಾಕ್ಯೂಮ್ ಆಯಿಲ್ ಕಂಪನಿಯಲ್ಲಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ 1866ರಲ್ಲಿ ಮ್ಯಾಥ್ಯೂ ಯೂಯಿಂಗ್ ಎಂಬ ಬಡಗಿ ಮತ್ತು ಹೈರಮ್ ಎವರೆಸ್ಟ್ ಸೇರಿ ಅದನ್ನು ಕಟ್ಟಿದರು. ಕಚ್ಚಾ ತೈಲವನ್ನು ಗಾಳಿಯ ಒತ್ತಡ ತಗ್ಗಿಸಿ ಬಟ್ಟಿ ಇಳಿಸಿದರೆ ಹೆಚ್ಚು ಸೀಮೆಎಣ್ಣೆ ಸಿಕ್ಕೀತೆಂಬುದು ಯೂಯಿಂಗನ ಲೆಕ್ಕಾಚಾರ. ಸೀಮೆಎಣ್ಣೆಯ ಲೆಕ್ಕ ಕೈಕೊಟ್ಟಿತು. ಆದರೆ ತಳದಲ್ಲಿ ಉಳಿದ ಮಂದ ದ್ರವ ಕುದುರೆಯ ಜೀನು, ಪಟ್ಟಿಗಳ ತೊಗಲಿಗೆ ಸೊಗಸಾಗಿ ಹಿಡಿಯುತ್ತಿತ್ತು, ಕಾಯಿಸಿದರೂ ಬೇಗ ಸುಟ್ಟು ಹೋಗುತ್ತಿರಲಿಲ್ಲ. ಉಗಿಯಂತ್ರದ ಸಿಲಿಂಡರಿಗೆ ಬೇಕಾಗಿದ್ದುದು ಅದೇ ಗುಣ. ಅಲ್ಲಿಯವರೆಗೆ ಸಿಲಿಂಡರಿಗೆ ಹಾಕುತ್ತಿದ್ದ ಪ್ರಾಣಿಕೊಬ್ಬು ಬಿಸಿ ಉಗಿಗೆ ಒಡೆದು ಆಮ್ಲವಾಗಿ ಲೋಹವನ್ನು ತಿನ್ನುತ್ತಿತ್ತು. ಖನಿಜ ತೈಲ ಹಾಗೆ ತಿನ್ನುವುದಿಲ್ಲ.

ಈ ರಾಚೆಸ್ಟರಿನ ಕಂಪನಿಗೂ ನಮ್ಮ ಪೆಟ್ರೋಲ್ ಬಂಕಿಗೂ ನೇರ ನಂಟಿದೆ. ವ್ಯಾಕ್ಯೂಮ್ ಮುಂದೆ ಸೊಕೋನಿ ಎಂಬ ಎಣ್ಣೆ ಕಂಪನಿಯೊಂದಿಗೆ ಸೇರಿತು. 1933ರಲ್ಲಿ ಏಷ್ಯಾದ ವ್ಯವಹಾರಕ್ಕಾಗಿ ಸ್ಟ್ಯಾಂಡರ್ಡ್-ವ್ಯಾಕ್ಯೂಮ್ ಎಂಬ ಜಂಟಿ ಕಂಪನಿ ಆಯಿತು. ಜನ ಅದನ್ನು ಸ್ಟ್ಯಾನ್‌ವ್ಯಾಕ್ ಎಂದರು. 1954ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಅದು ತೈಲ ಶುದ್ಧೀಕರಣಾಗಾರ ತೆರೆಯಿತು. 1962ರಲ್ಲಿ ಪಾಲಾದಾಗ ಭಾರತದ ಭಾಗ ಎಸ್ಸೋ ಕೈಗೆ ಬಂತು. 1974ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಾಗ ಹಿಂದೂಸ್ತಾನ್ ಪೆಟ್ರೋಲಿಯಂ ಹುಟ್ಟಿತು.

ಇನ್ನು, ಕಾರಿನ ಗೇರಿಗೆ ಅಷ್ಟು ಮಂದ ಎಣ್ಣೆ ಏಕೆ? ಕಾರಣ ಗೇರ್ ಬದಲಿಸುವ ರೀತಿಯಲ್ಲಿದೆ. ಮಾಡೆಲ್ ಎ ಪೆಟ್ಟಿಗೆಯಲ್ಲಿ ವೇಗ ಹೊಂದಿಸಿಕೊಡುವ ಸಾಧನವಿಲ್ಲ. ನೇರ ಹಲ್ಲಿನ ಚಕ್ರವೊಂದು ಇನ್ನೊಂದರ ಕಡೆ ಜಾರಿ ಕಚ್ಚಿಕೊಳ್ಳಬೇಕು. ಎರಡರ ವೇಗ ಒಂದಾಗದೆ ಕಚ್ಚಿದರೆ ಹಲ್ಲು ಕಡಿದಂತೆ ಕರಕರ ಸದ್ದು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕ್ಲಚ್ಚು ತುಳಿದು ನ್ಯೂಟ್ರಲ್ಲಿಗೆ ತಂದರೆ ಒಳಗಿನ ಗೇರುಗಳು ಇನ್ನೂ ಜೋರಾಗಿ ಸುತ್ತುತ್ತಿರುತ್ತವೆ. ಅವುಗಳ ವೇಗ ಇಳಿಯಬೇಕು. ಮಂದ ಎಣ್ಣೆ ಅವುಗಳನ್ನು ಹಿಡಿದು ನಿಧಾನ ಮಾಡುತ್ತದೆ. ನೀರಿನಂಥ ತೆಳು ಎಣ್ಣೆ ಹಾಕಿದರೆ ಗೇರು ತಿರುಗುತ್ತಲೇ ಇರುತ್ತದೆ, ಚಾಲಕ ಎಷ್ಟೇ ಕಾದರೂ ಕರಕರ ತಪ್ಪದು. ಗೇರು ಇಳಿಸುವಾಗ ನ್ಯೂಟ್ರಲ್ಲಿನಲ್ಲಿ ಕ್ಲಚ್ಚು ಬಿಟ್ಟು, ಆಕ್ಸಿಲರೇಟರ್ ಒಮ್ಮೆ ಒತ್ತಿ, ಮತ್ತೆ ಕ್ಲಚ್ಚು ತುಳಿಯುವ ಡಬಲ್ ಕ್ಲಚ್ಚು ನಮ್ಮ ಘಟ್ಟದ ರಸ್ತೆಗಳ ಹಳೆಯ ಲಾರಿ ಚಾಲಕರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಇಂದಿನ ಮಾಡೆಲ್ ಎ ಮಾಲೀಕರಲ್ಲಿ ಕೆಲವರು ಆಧುನಿಕ ಎಣ್ಣೆ ಹಾಕಿ, ಗೇರು ಬೀಳುತ್ತಿಲ್ಲವೆಂದು ಗೇರ್‌ಬಾಕ್ಸನ್ನೇ ಬಿಚ್ಚಿಸುತ್ತಾರೆ. ಹಲ್ಲಿನಲ್ಲಿ ಯಾವ ದೋಷವೂ ಇರುವುದಿಲ್ಲ. ಬದಲಿಸಬೇಕಾದ್ದು ಎಣ್ಣೆಯೊಂದನ್ನೇ.

ಇದೇ ರಾಚೆಸ್ಟರಿನಲ್ಲಿ ಇನ್ನೊಂದು ಕಾರ್ಖಾನೆಯಿತ್ತು, ಗ್ಲೀಸನ್. ವಿಲಿಯಂ ಗ್ಲೀಸನ್ 1874ರಲ್ಲಿ ಓರೆ ಹಲ್ಲಿನ ಚಕ್ರ ಕೊರೆಯುವ ಯಂತ್ರ ಕಂಡುಹಿಡಿದ. ಮಗಳು ಕೇಟ್ ಗ್ಲೀಸನ್ ದೇಶ ದೇಶ ಸುತ್ತಿ ಅದನ್ನು ಮಾರಿದಳು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘಕ್ಕೆ 1914ರಲ್ಲಿ ಪೂರ್ಣ ಸದಸ್ಯಳಾಗಿ ಆಯ್ಕೆಯಾದ ಮೊದಲ ಹೆಂಗಸು ಅವಳು. 1920ರ ದಶಕದ ನಡುವೆ ಗ್ಲೀಸನ್ ಕಾರ್ಖಾನೆ ಹೈಪಾಯ್ಡ್ ಗೇರ್ ತಯಾರಿಸುವ ಯಂತ್ರಗಳನ್ನು ತಂದಿತು. 1926ರಲ್ಲಿ ಪ್ಯಾಕರ್ಡ್ ಕಂಪನಿ ಅದನ್ನು ತನ್ನ ಕಾರಿನ ಹಿಂದಿನ ಆಕ್ಸೆಲ್ಲಿಗೆ ಅಳವಡಿಸಿತು. ಅಲ್ಲಿಯವರೆಗೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಪುಟ್ಟ ಚಕ್ರವಾದ ಪಿನಿಯನ್, ಆಕ್ಸೆಲ್ಲಿನ ದೊಡ್ಡ ಕ್ರೌನ್ ಚಕ್ರದ ನಟ್ಟನಡುವಿಗೆ ಬಂದು ಕಚ್ಚುತ್ತಿತ್ತು. ಹೈಪಾಯ್ಡಿನಲ್ಲಿ ಅದು ನಡುವಿಗಿಂತ ಕೆಳಗೆ ಬಂತು. ಅದರಿಂದ ಪ್ರೊಪೆಲ್ಲರ್ ಶಾಫ್ಟು ಇಳಿಯಿತು, ಕಾರಿನ ನೆಲ ಇಳಿಯಿತು, ಕಾರೇ ಕುಳ್ಳಾಗಿ ಚೆಲುವಾಯಿತು. ಸದ್ದೂ ಕಡಿಮೆ. ಆದರೆ ಆ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪದರ ಹರಿದುಹೋಗುತ್ತದೆ, ಉಕ್ಕು ಉಕ್ಕಿಗೆ ತಾಗಿ ಬೆಸೆದು ಕಿತ್ತು ಬರುತ್ತದೆ. ಉಗಿಯಂತ್ರದ ಎಣ್ಣೆಗೆ ಇದನ್ನು ತಡೆಯುವ ಶಕ್ತಿ ಇರಲಿಲ್ಲ. ರಾಚೆಸ್ಟರಿನ ಒಂದು ಕಾರ್ಖಾನೆಯ ಗೇರು, ಅದೇ ಊರಿನ ಇನ್ನೊಂದು ಕಾರ್ಖಾನೆಯ ಎಣ್ಣೆಯನ್ನು ಹಿಂದಕ್ಕೆ ತಳ್ಳಿತು.

ಪರಿಹಾರ ಸಿಕ್ಕಿದ್ದು ಗಂಧಕದಲ್ಲಿ. ಎಣ್ಣೆಗೆ ಗಂಧಕವನ್ನೂ ಸೀಸದ ಸಾಬೂನನ್ನೂ ಸೇರಿಸಿದರು. ಮುಂದೆ ಕ್ಲೋರಿನ್, ರಂಜಕದ ಸಂಯುಕ್ತಗಳು ಬಂದವು. ಹಲ್ಲಿನ ತುದಿ ಉಜ್ಜಿ ಕಾದಾಗ ಅಷ್ಟು ಜಾಗದಲ್ಲಿ ಮಾತ್ರ ಗಂಧಕ ಕಬ್ಬಿಣದೊಡನೆ ಕೂಡಿ ತೆಳುವಾದ ಪದರ ಕಟ್ಟುತ್ತದೆ. ಸವೆಯುವುದು ಆ ಪದರ, ಹಲ್ಲು ಉಳಿಯುತ್ತದೆ. ಗ್ಯಾರೇಜಿನಲ್ಲಿ ಆಕ್ಸೆಲ್ ಎಣ್ಣೆ ಇಳಿಸುವಾಗ ಮೂಗಿಗೆ ಅಡರುವ ಕೊಳೆತ ಮೊಟ್ಟೆಯಂಥ ವಾಸನೆ ಈ ಗಂಧಕದ್ದೇ. ಒಮ್ಮೆ ಬಟ್ಟೆಗೆ ತಾಗಿದರೆ ಎಷ್ಟು ಒಗೆದರೂ ಹೋಗದು.

ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಸುಖವಿತ್ತು. ಆದರೆ ಅದೇ ಕಾಲಕ್ಕೆ ಗೇರ್‌ಬಾಕ್ಸು ಬೇರೊಂದು ದಾರಿ ಹಿಡಿದಿತ್ತು. 1928ರಲ್ಲಿ ಕ್ಯಾಡಿಲಾಕ್ ಕಂಪನಿ, ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಶ್ ಅನ್ನು ಮಾರುಕಟ್ಟೆಗೆ ತಂದಿತು. ಗೇರು ಕಚ್ಚುವ ಮೊದಲು ಕಂಚಿನಂಥ ತಾಮ್ರಮಿಶ್ರ ಲೋಹದ ಶಂಕುವೊಂದು ಉಕ್ಕಿನ ಶಂಕುವಿಗೆ ಒತ್ತಿ, ಉಜ್ಜಿ, ಎರಡರ ವೇಗವನ್ನು ಒಂದು ಮಾಡುತ್ತದೆ. ಡಬಲ್ ಕ್ಲಚ್ಚಿನ ಕಸರತ್ತು ಹೋಯಿತು. ಶಂಕುವಿನಾಕಾರದ ಈ ಸಿಂಕ್ರೋ ರಿಂಗು ಕೆಲಸ ಮಾಡಬೇಕಾದರೆ ಉಜ್ಜಾಟ ಬೇಕು. ಹಿಂದಿನ ಆಕ್ಸೆಲ್ಲಿಗೆ ಜಾರಿಕೆ ಬೇಕು, ಮುಂದಿನ ಗೇರ್‌ಬಾಕ್ಸಿಗೆ ಹಿಡಿತ ಬೇಕು. ಸಾಲದ್ದಕ್ಕೆ ಗಂಧಕಕ್ಕೆ ತಾಮ್ರವೆಂದರೆ ಬಹಳ ಪ್ರೀತಿ. ಕಂಚು ಹಿತ್ತಾಳೆಗಳನ್ನು ಅದು ಕಪ್ಪಾಗಿಸುತ್ತದೆ, ಬಿಸಿಯಲ್ಲಿ ಮೆಲ್ಲಗೆ ತಿನ್ನುತ್ತದೆ.

ಇಂದು ಡಬ್ಬದ ಮೇಲೆ ಕಾಣುವ ಜಿಎಲ್-4, ಜಿಎಲ್-5 ಎಂಬ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ದರ್ಜೆಗಳ ಹಿಂದೆ ಇರುವುದು ಇದೇ ಜಗಳ. 5 ಅಂದರೆ 4ಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಜಿಎಲ್-5 ರೂಪುಗೊಂಡದ್ದು ಭಾರೀ ಒತ್ತಡದ ಹೈಪಾಯ್ಡ್ ಆಕ್ಸೆಲ್ಲಿಗಾಗಿ. 1962ರ ಅಮೆರಿಕನ್ ಸೇನೆಯ ಮಾನದಂಡವೊಂದು ಅದರ ಬೇರು. ಅದರಲ್ಲಿ ಗಂಧಕ-ರಂಜಕದ ಪಾಲು ಸಾಮಾನ್ಯವಾಗಿ ಜಿಎಲ್-4ರ ಎರಡರಷ್ಟು. ಈಗಿನ ಒಳ್ಳೆಯ ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ರಾಸಾಯನಿಕವೂ ಇರುತ್ತದೆ ನಿಜ. ಮೆರುಗು ಕೊಟ್ಟ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟು ಅದು ಎಷ್ಟು ಕಪ್ಪಾಯಿತೆಂದು ನೋಡುವ ಪರೀಕ್ಷೆಯೂ ಇದೆ. ಆದರೂ 1930ರಿಂದ 1960ರ ನಡುವಿನ ಸಿಂಕ್ರೋ ಗೇರ್‌ಬಾಕ್ಸಿಗೆ ಅದನ್ನು ಹಾಕಿದರೆ ರಿಂಗು ಜಾರುತ್ತದೆ, ಗೇರು ಮತ್ತೆ ಕರಕರ ಎನ್ನತೊಡಗುತ್ತದೆ. ಅಂಥ ರಿಂಗು ಇವತ್ತು ಕಂಪನಿಯಿಂದ ಬರುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟವಿದ್ದರೆ ಸಿಕ್ಕೀತು, ಇಲ್ಲದಿದ್ದರೆ ಲೇತಿನಲ್ಲಿ ಮಾಡಿಸಬೇಕು.

ಸಂಖ್ಯೆಗಳ ಗೊಂದಲವೂ ಇದರ ಜೊತೆಗಿದೆ. ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸೊಸೈಟಿ, ಅಂದರೆ ಎಸ್‌ಎಇ, 1911ರಲ್ಲಿ ಎಣ್ಣೆಯ ಮಂದತೆಯನ್ನು ವರ್ಗೀಕರಿಸಲು ಶುರುಮಾಡಿತು. ಎಂಜಿನ್ ಎಣ್ಣೆಗೆ ಒಂದು ಅಳತೆಗೋಲು, ಗೇರ್ ಎಣ್ಣೆಗೆ ಇನ್ನೊಂದು. ಹಾಗಾಗಿ ಮೆಕ್ಯಾನಿಕ್‌ಗಳು ‘ನೈಂಟಿ ಆಯಿಲ್’ ಎನ್ನುವ 90ರ ಗೇರ್ ಎಣ್ಣೆ, 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ಮಂದ. 90 ಅಂದರೆ 50ರ ಹೆಚ್ಚುಕಡಿಮೆ ಎರಡು ಪಟ್ಟು ಮಂದ ಎಂದಲ್ಲ. ಇದು ಗೊತ್ತಿದ್ದವರಿಗೆ ಇಂಗ್ಲೆಂಡಿನ ಎಂಜಿಬಿ ಕಾರಿನ ಕೈಪಿಡಿ ಗೇರ್‌ಬಾಕ್ಸಿಗೂ ಎಂಜಿನ್ ಎಣ್ಣೆಯನ್ನೇ ಹಾಕಲು ಹೇಳುವುದು ವಿಚಿತ್ರ ಅನಿಸುವುದಿಲ್ಲ. 1959ರ ಮಿನಿ ಕಾರಿನಲ್ಲಂತೂ ಗೇರ್‌ಬಾಕ್ಸು ಎಂಜಿನ್ನಿನ ಎಣ್ಣೆ ತೊಟ್ಟಿಯಲ್ಲೇ ಕುಳಿತಿತ್ತು. ಅಲ್ಲಿ ಗೇರ್ ಎಣ್ಣೆಯ ಪ್ರಶ್ನೆಯೇ ಇಲ್ಲ.

ಕ್ಲಚ್ಚಿಲ್ಲದ ಗೇರ್‌ಬಾಕ್ಸಿನ ಚರಿತ್ರೆಯಲ್ಲಿ ಒಂದು ನೋವಿನ ಅಧ್ಯಾಯವಿದೆ. ಜನರಲ್ ಮೋಟಾರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ತಾನಾಗಿ ಗೇರು ಬದಲಿಸುವ ಹೈಡ್ರಾ-ಮ್ಯಾಟಿಕ್ ತಂದಿತು. ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕುಗಳಲ್ಲೂ ಅದು ಓಡಿತು. 1952ರಿಂದ ರೋಲ್ಸ್ ರಾಯ್ಸ್ ಮತ್ತು ಬೆಂಟ್ಲಿ ಕಾರುಗಳಿಗೂ ಬಂತು. ಇಂಥ ಪೆಟ್ಟಿಗೆಯಲ್ಲಿ ಎಣ್ಣೆಗೆ ಜಾರಿಸುವುದಷ್ಟೇ ಕೆಲಸವಲ್ಲ. ಎಂಜಿನ್ನಿನ ಬಲವನ್ನು ದಾಟಿಸಬೇಕು, ಒಳಗಿನ ಪಟ್ಟಿಗಳು ಕುಲುಕದೆ ಹಿಡಿಯುವಂತೆ ಮಾಡಬೇಕು. 1949ರಲ್ಲಿ ‘ಟೈಪ್ ಎ’ ಎಂಬ ದ್ರವ ಇದಕ್ಕಾಗಿ ಬಂತು. ಅದರ ನಯಕ್ಕೆ ಕಾರಣ ಸ್ಪರ್ಮ್ ತಿಮಿಂಗಿಲದ ಎಣ್ಣೆ. ಆ ತಿಮಿಂಗಿಲದ ತಲೆಯಲ್ಲಿ ಸಿಗುವುದು ನಮ್ಮ ಅಡುಗೆ ಎಣ್ಣೆಯ ಜಾತಿಯದ್ದಲ್ಲ, ಒಂದು ಬಗೆಯ ದ್ರವ ಮೇಣ. ಬಿಸಿಗೆ ಕೆಡದು, ಲೋಹಕ್ಕೆ ಅಂಟಿಕೊಳ್ಳುತ್ತದೆ. ಗಂಧಕ ಕೂಡಿಸಿದ ತಿಮಿಂಗಿಲದೆಣ್ಣೆ ಹೈಪಾಯ್ಡ್ ಎಣ್ಣೆಗಳಲ್ಲೂ ಇತ್ತು. ದೀಪಕ್ಕೆ ಸೀಮೆಎಣ್ಣೆ ಬಂದ ಮೇಲೆ ತಿಮಿಂಗಿಲ ಬೇಟೆ ನಿಂತಿತೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ, ಯಂತ್ರದ ಹಡಗುಗಳು ಬಂದ ಮೇಲೆ, ಬೇಟೆ ಇನ್ನಷ್ಟು ಘೋರವಾಯಿತು. ಹೊಳೆಯುವ ಕ್ರೋಮಿನ ಕಾರುಗಳು ಅಷ್ಟು ಮೆತ್ತಗೆ ಗೇರು ಬದಲಿಸಿಕೊಳ್ಳುತ್ತಿದ್ದುದರ ಹಿಂದೆ ಸಮುದ್ರದ ಆ ದೊಡ್ಡ ಜೀವಗಳ ಸಾವಿತ್ತು ಎಂಬುದನ್ನು ಹಳೆಯ ಕಾರನ್ನು ಪ್ರೀತಿಸುವವರು ಮರೆಯಬಾರದು.

1970ರಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಅದರ ಎಣ್ಣೆಯ ಆಮದಿಗೆ ತಡೆಹಾಕಿತು. ಎಣ್ಣೆ ಕಂಪನಿಗಳು ಪರದಾಡಿದವು. ತಿಮಿಂಗಿಲದೆಣ್ಣೆ ಇಲ್ಲದ ಡೆಕ್ಸ್ರಾನ್-2 ಎಂಬ ದ್ರವ 1973ರಲ್ಲಿ ಬಂತು. ಅದರ ಮೊದಮೊದಲ ರೂಪಗಳು ರೇಡಿಯೇಟರಿನೊಳಗಿನ ತಂಪುಗೊಳವೆಯ ಬೆಸುಗೆಯನ್ನು ತಿನ್ನುತ್ತಿದ್ದುದರಿಂದ ಮತ್ತೆ ತಿದ್ದಬೇಕಾಯಿತು. ಮರುಭೂಮಿಯಲ್ಲಿ ಬೆಳೆಯುವ ಹೊಹೊಬಾ ಎಂಬ ಪೊದೆಯ ಬೀಜದಲ್ಲೂ ಅದೇ ಬಗೆಯ ದ್ರವ ಮೇಣವಿದೆ ಎಂದು ಅದನ್ನು ಬೆಳೆಸುವ ಉತ್ಸಾಹ ಎದ್ದಿತು. ಇವತ್ತು ಜನ ಅದನ್ನು ಕೂದಲಿಗೂ ಚರ್ಮಕ್ಕೂ ಹಚ್ಚಿಕೊಳ್ಳುತ್ತಾರೆ.

ಭಾರತದ ರಸ್ತೆಗಳಲ್ಲಿ ಹಳೆಯ ಕಾರೆಂದರೆ ಬಹುಜನಕ್ಕೆ ನೆನಪಾಗುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯೇ ಬಂಗಾಳದ ಉತ್ತರಪಾರಾದಲ್ಲಿ ಆ ಹೆಸರಿನಿಂದ 1950ರ ದಶಕದ ಕೊನೆಗೆ ಶುರುವಾಗಿ 2014ರವರೆಗೆ ಬಾಳಿತು. ಮೊದಲಿನವಕ್ಕೆ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿ. ನಾಲ್ಕು ಗೇರಿನಲ್ಲಿ ಮೇಲಿನ ಮೂರಕ್ಕೆ ಸಿಂಕ್ರೋ ಇತ್ತು, ಒಂದನೆಯದಕ್ಕಿಲ್ಲ. ಕಾರು ಪೂರ್ತಿ ನಿಲ್ಲದೆ ಒಂದನೇ ಗೇರಿಗೆ ತಂದರೆ ಬೈಗುಳ ತಿನ್ನಬೇಕಿತ್ತು. ಹಿಂದಿನ ಆಕ್ಸೆಲ್ ಹೈಪಾಯ್ಡ್. ಅಂದರೆ ಒಂದೇ ಕಾರಿನ ಹೊಟ್ಟೆಯಡಿ ಚರಿತ್ರೆಯ ಎರಡು ಬೇಡಿಕೆಗಳು ಇದ್ದವು: ಮುಂದೆ ತಾಮ್ರಮಿಶ್ರ ಲೋಹದ ರಿಂಗು, ಹಿಂದೆ ಉಜ್ಜಾಡುವ ಉಕ್ಕು. ಎರಡಕ್ಕೂ ಒಂದೇ ಡಬ್ಬದಿಂದ ಸುರಿಯುವ ಅಭ್ಯಾಸ ಎಷ್ಟು ಗೇರ್‌ಬಾಕ್ಸುಗಳ ಆಯಸ್ಸು ಕಳೆಯಿತೋ.

ಎಣ್ಣೆ ಬದಲಿಸುವ ಕೆಲಸವೇನೂ ಕಷ್ಟದ್ದಲ್ಲ, ಕ್ರಮ ತಪ್ಪಬಾರದು ಅಷ್ಟೆ. ಮೊದಲು ಕಾರನ್ನು ಹತ್ತು ಕಿಲೋಮೀಟರ್ ಓಡಿಸಿ ತರಬೇಕು. ಬಿಸಿಯಾದ ಎಣ್ಣೆ ತಳದ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ಕಾರು ಸಮತಟ್ಟಾಗಿ ನಿಲ್ಲಬೇಕು, ಒಂದೇ ಬದಿ ಜ್ಯಾಕ್ ಏರಿಸಿದರೆ ಮಟ್ಟ ಸುಳ್ಳು ಹೇಳುತ್ತದೆ. ಆಮೇಲೆ ಬಿಚ್ಚಬೇಕಾದ್ದು ಕೆಳಗಿನ ಡ್ರೈನ್ ಪ್ಲಗ್ ಅಲ್ಲ, ಪಕ್ಕದ ಫಿಲ್ಲರ್ ಪ್ಲಗ್. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಪ್ಲಗ್ಗು ತುಕ್ಕು ಹಿಡಿದು ಬಿಗಿದಿದೆ ಎಂದು ಗೊತ್ತಾದರೆ ಆ ಕಾರು ಅಲ್ಲೇ ಕೂರುತ್ತದೆ.

ಇಳಿದ ಎಣ್ಣೆಯನ್ನು ಅಗಲ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ತಂದು ನೋಡಬೇಕು. ಗೇರ್‌ಬಾಕ್ಸಿನ ಜಾತಕ ಅದರಲ್ಲಿದೆ. ತಟ್ಟೆಯನ್ನು ಓರೆ ಮಾಡಿದಾಗ ಚಿನ್ನದ ಪುಡಿಯಂತೆ ಮಿನುಗಿದರೆ ಸಿಂಕ್ರೋ ರಿಂಗು ಅಥವಾ ಬುಶ್ಶು ಸವೆಯುತ್ತಿದೆ. ಅಯಸ್ಕಾಂತ ಅದ್ದಿದಾಗ ಬೂದಿಯಂಥ ನುಣುಪು ಕರಿ ಮೆತ್ತಿಕೊಂಡರೆ ಸಹಜ, ಚೂರುಗಳು ಬಂದರೆ ಬೇರಿಂಗೋ ಹಲ್ಲೋ ಮುರಿದಿದೆ. ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಹಾಯ್ದ ಕಾರುಗಳಲ್ಲಿ ಇದು ಮಾಮೂಲು. ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿದು, ಪಕ್ಕದ ತೂತಿನಿಂದ ಹೊಸ ಎಣ್ಣೆ ತುಂಬಬೇಕು. ತೂತಿನ ಕೆಳ ಅಂಚಿಗೆ ಬಂದು ಹೊರಗೆ ಹರಿದಾಗ ನಿಲ್ಲಿಸಿ, ಹನಿಯುವುದು ತಾನಾಗಿ ನಿಲ್ಲುವವರೆಗೆ ಬಿಟ್ಟು ಪ್ಲಗ್ ಮುಚ್ಚಬೇಕು. ಇನ್ನಷ್ಟು ಇರಲಿ ಎಂದು ಒತ್ತಿ ತುಂಬಿದರೆ ಅದು ಕ್ಲಚ್ ಪ್ಲೇಟಿನ ದಾರಿ ಹಿಡಿಯುತ್ತದೆ.

ಹಳೆಯ ಕಾರಿನಡಿ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಆ ಕಾಲದ ಅನೇಕ ಗೇರ್‌ಬಾಕ್ಸುಗಳಲ್ಲಿ ಈಗಿನಂಥ ರಬ್ಬರ್ ಆಯಿಲ್ ಸೀಲು ಇರಲಿಲ್ಲ. ಶಾಫ್ಟಿನ ಮೇಲೆ ತಿರುಪಿನಂತೆ ಕೊರೆದ ಗೀರು ತಿರುಗುವಾಗ ಎಣ್ಣೆಯನ್ನು ಒಳಕ್ಕೆ ದೂಡುತ್ತಿತ್ತು, ಇಲ್ಲವೇ ಉಣ್ಣೆಯ ಅಥವಾ ತೊಗಲಿನ ಬಳೆಯೊಂದು ತಡೆಯುತ್ತಿತ್ತು. ಮಂದ ಎಣ್ಣೆಗೆ ಅಷ್ಟು ಸಾಕು. ತೆಳು ಎಣ್ಣೆ ಹಾಕಿದಾಗ ಅದೇ ದಾರಿಯಲ್ಲಿ ಧಾರೆಯಾಗಿ ಇಳಿಯುತ್ತದೆ, ಮೆಕ್ಯಾನಿಕ್ ಸೀಲು ಹುಡುಕುತ್ತಾನೆ, ಇಲ್ಲದ ಸೀಲು ಎಲ್ಲಿ ಸಿಗಬೇಕು?

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೋ, ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಮ್ಮಿನಲ್ಲೋ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡವರು ಬಣ್ಣ, ದೀಪ, ಸೀಟುಗಳನ್ನು ನೋಡಿ ಮೆಚ್ಚುತ್ತಾರೆ. ಆದರೆ ನಿಂತ ಕಾರಿನ ಒಳಗೂ ಎಣ್ಣೆ ಸುಮ್ಮನಿರುವುದಿಲ್ಲ. ಅದು ತಳಕ್ಕಿಳಿದು ಮೇಲಿನ ಗೇರುಗಳು ಬರಿದಾಗುತ್ತವೆ, ಹಗಲು ರಾತ್ರಿಯ ಬಿಸಿ ತಂಪಿಗೆ ಪೆಟ್ಟಿಗೆಯೊಳಗೆ ತೇವ ಹನಿಗಟ್ಟುತ್ತದೆ, ಆ ತೇವದ ಜೊತೆ ಗಂಧಕ ಸೇರಿದರೆ ಹಲ್ಲಿಗೂ ಬೇರಿಂಗಿಗೂ ತುಕ್ಕಿನ ಚುಕ್ಕೆಗಳು ಬೀಳುತ್ತವೆ. ಹಳೆಯ ಕೈಪಿಡಿಗಳು 5,000 ಮೈಲಿಗೊಮ್ಮೆ ಎಣ್ಣೆ ಬದಲಿಸಿ ಎಂದದ್ದು ದಿನವೂ ಓಡುತ್ತಿದ್ದ ಕಾರಿಗೆ. ವರ್ಷಕ್ಕೊಂದು ರ‍್ಯಾಲಿಗೆ ಮಾತ್ರ ಹೊರಬೀಳುವ ಕಾರು ಅಷ್ಟು ದೂರ ಓಡಲು ಒಂದು ತಲೆಮಾರು ಬೇಕು. ಅಂಥದಕ್ಕೆ ಮೈಲಿಯ ಲೆಕ್ಕ ಬಿಟ್ಟು, ಮಳೆಗಾಲ ಮುಗಿದ ಮೇಲೆ ಒಮ್ಮೆ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳದ್ದಿ ನೋಡುವುದು, ಎಣ್ಣೆ ಬೆಳ್ಳಗಾಗಿದ್ದರೆ ಅದೇ ವಾರ, ಇಲ್ಲದಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಇಳಿಸಿ ಹೊಸದು ತುಂಬುವುದು, ತುಂಬಿದ್ದು ಯಾವ ದರ್ಜೆಯದು, ಯಾವ ತಿಂಗಳಲ್ಲಿ ಎಂದು ಬರೆದು ಕಾರಿನ ದಾಖಲೆಗಳ ಜೊತೆಗಿಡುವುದು, ಇಷ್ಟು ಮಾಡಿದರೆ ಮುಂದೆ ಆ ಕಾರಿನ ಕೆಳಗೆ ಮಲಗುವ ಮೆಕ್ಯಾನಿಕ್ಕಿಗೆ ಒಳಗಿರುವುದೇನೆಂದು ಮೂಸಿ ನೋಡಿ ಊಹಿಸುವ ಪಾಡು ಬರುವುದಿಲ್ಲ.